ಹಳೇ ಕಪ್ಪು-ಬಿಳುಪು ಕಾರ್ಟೂನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಸುಮಾರು 1906ರಿಂದ 1935ರವರೆಗಿನ ಕಾರ್ಟೂನ್‌ಗಳ ಮಾತು, ಜಾಸ್ತಿ ಪಾಲು ಅಮೆರಿಕದ್ದು. ಜಾರಿ ಬೀಳುವುದು, ಏಟು ತಿನ್ನುವುದು, ಚಪ್ಪಟೆಯಾಗಿ ಮತ್ತೆ ಉಬ್ಬಿ ಓಡುವುದು, ಆ ಥರದ್ದು. ಗೆಳೆಯರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಸ್ವಲ್ಪ ಒಳಗಿನದ್ದು. ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

### ಈಗಷ್ಟೇ ನೋಡಲು ಶುರು ಮಾಡಿದವರಿಗೆ

ಟಾಮ್ ಅಂಡ್ ಜೆರ್ರಿ ಇರುವಾಗ ಈ ಹಳೇದನ್ನೆಲ್ಲ ಯಾಕೆ ನೋಡ್ಬೇಕು?

ಟಾಮ್ ಅಂಡ್ ಜೆರ್ರಿ ಶುರುವಾಗಿದ್ದು 1940ರಲ್ಲಿ. ಅಷ್ಟು ಹೊತ್ತಿಗೆ ಕಾರ್ಟೂನ್ ಲೋಕಕ್ಕೆ ಒಂದು ಕಾನೂನು ಬಂದಿತ್ತು. ಬೆಕ್ಕು ಬೆಕ್ಕೇ, ಇಲಿ ಇಲಿಯೇ, ಬಾಗಿಲಿಗೆ ಬಾಲ ಸಿಕ್ಕಿಕೊಂಡರೆ ನೋವಾಗುತ್ತದೆ. ಅದಕ್ಕೆ ಹದಿನೈದು ವರ್ಷ ಹಿಂದೆ ಹೋದರೆ ಆ ಕಾನೂನು ಇನ್ನೂ ಹುಟ್ಟಿಲ್ಲ. ಫೆಲಿಕ್ಸ್ ಎಂಬ ಬೆಕ್ಕು ಬೇಕಾದಾಗ ತನ್ನ ಬಾಲ ಕಿತ್ತು ಊರುಗೋಲು ಮಾಡಿಕೊಳ್ಳುತ್ತಾನೆ. ಏನೋ ಯೋಚನೆ ಬಂದು ತಲೆ ಮೇಲೆ ಪ್ರಶ್ನಾರ್ಥಕ ಚಿಹ್ನೆ ಮೂಡಿದರೆ, ಅದನ್ನೇ ಹಿಡಿದು ಕೊಕ್ಕೆ ಮಾಡಿಕೊಳ್ಳುತ್ತಾನೆ. ಅಲ್ಲಿ ಮಸಿಯ ಗೆರೆ ಇನ್ನೂ ಗೆರೆಯೇ. ಅದು ಏನಾಗಬೇಕು ಎಂದು ಯಾರೂ ಗೊತ್ತು ಮಾಡಿಲ್ಲ. ಹಾಗಾಗಿ ಮುಂದಿನ ಕ್ಷಣ ಏನಾಗುತ್ತದೆ ಅಂತ ಇವತ್ತಿಗೂ ಊಹಿಸಲು ಆಗುವುದಿಲ್ಲ. ನನ್ನ ಮಟ್ಟಿಗೆ ಈ ಕಾರ್ಟೂನ್‌ಗಳ ಮೋಡಿ ಇರುವುದು ಅಲ್ಲೇ, 'ಹಳೇದು' ಅನ್ನುವುದರಲ್ಲಿ ಅಲ್ಲ.

ಯಾವುದರಿಂದ ಶುರು ಮಾಡ್ಲಿ?

ನಾಲ್ಕು ಹೇಳುತ್ತೇನೆ. 'ಫೆಲಿಕ್ಸ್ ಇನ್ ಹಾಲಿವುಡ್' (1923), 'ಸ್ಟೀಮ್‌ಬೋಟ್ ವಿಲ್ಲಿ' (1928), 'ದಿ ಸ್ಕೆಲಿಟನ್ ಡ್ಯಾನ್ಸ್' (1929), 'ಬಿಂಬೋಸ್ ಇನಿಷಿಯೇಷನ್' (1931). ಇದೇ ಕ್ರಮದಲ್ಲಿ ನೋಡಿ. ಮೂಕಿಯಿಂದ ಮಾತಿಗೆ, ಮಾತಿನಿಂದ ಹುಚ್ಚಿಗೆ ಹೇಗೆ ಬಂದರು ಅಂತ ತಾನಾಗೇ ಗೊತ್ತಾಗುತ್ತದೆ. ಒಂದೇ ಕೂತಲ್ಲಿ ಹತ್ತು ನೋಡಬೇಡಿ, ತಲೆ ಚಿಟ್ಟು ಹಿಡಿಯುತ್ತದೆ. ಇವು ಥಿಯೇಟರಿನಲ್ಲಿ ದೊಡ್ಡ ಸಿನಿಮಾಗೆ ಮೊದಲು ಒಂದೊಂದಾಗಿ ತೋರಿಸಲು ಮಾಡಿದವು. ದಿನಕ್ಕೊಂದು, ಎರಡು ಸಾಕು.

ಮಕ್ಕಳಿಗೆ ತೋರಿಸಬಹುದಾ?

ಕೆಲವನ್ನು. 'ಮಕ್ಕಳ ಕಾರ್ಟೂನ್' ಎಂಬ ಲೆಕ್ಕಾಚಾರ ಆಗಿನ್ನೂ ಬಂದಿರಲಿಲ್ಲ. ನೋಡುವವರು ದೊಡ್ಡವರು, ಮಕ್ಕಳು ಎಲ್ಲ ಸೇರಿ ಇರುತ್ತಿದ್ದರು. ಸಿಗರೇಟು, ಹೆಂಡ, ದೆವ್ವ, ಪೋಲಿ ತಮಾಷೆ ಎಲ್ಲ ಸಲೀಸಾಗಿ ಬರುತ್ತವೆ. ಕಪ್ಪು ಜನರನ್ನು ಗೇಲಿ ಮಾಡುವ ಚಿತ್ರಗಳೂ ಸಾಕಷ್ಟಿವೆ (ಅದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆಯೇ ಇದೆ). ಮೊದಲು ನೀವು ನೋಡಿ, ಆಮೇಲೆ ತೋರಿಸಿ. ಫೆಲಿಕ್ಸ್ ಚಿತ್ರಗಳಲ್ಲಿ ತೊಂದರೆ ಕಡಿಮೆ.

ಇದರಲ್ಲಿ ಕಥೆನೇ ಇಲ್ವಲ್ಲ?

ಇಲ್ಲ. ಹುಡುಕಬೇಡಿ. 'ಸ್ಟೀಮ್‌ಬೋಟ್ ವಿಲ್ಲಿ' ತೆಗೆದುಕೊಳ್ಳಿ. ಮಿಕ್ಕಿ ಒಂದು ಹಬೆದೋಣಿಯಲ್ಲಿ ಕೆಲಸದವನು. ಕ್ಯಾಪ್ಟನ್ ಪೀಟ್ ಬೈಯುತ್ತಾನೆ. ದಡದಲ್ಲಿದ್ದ ಮಿನ್ನಿಯನ್ನು ಸರಕು ಎತ್ತುವ ಕೊಕ್ಕೆಯಿಂದ ಎತ್ತಿ ದೋಣಿಗೆ ಹತ್ತಿಸಿಕೊಳ್ಳುತ್ತಾರೆ. ಕಥೆ ಅಂದರೆ ಅಷ್ಟೇ. ಉಳಿದದ್ದೆಲ್ಲ ಒಂದು ಆಡಿನಿಂದ ಶುರುವಾಗುತ್ತದೆ. ಮಿನ್ನಿ ತಂದ ಸಂಗೀತದ ಹಾಳೆಯನ್ನೂ ವಾದ್ಯವನ್ನೂ ಆಡು ತಿಂದುಬಿಡುತ್ತದೆ. ಮಿನ್ನಿ ಅದರ ಬಾಲ ಹಿಡಿದು ಗ್ರಾಮೋಫೋನ್ ಹ್ಯಾಂಡಲ್ ತಿರುಗಿಸಿದ ಹಾಗೆ ತಿರುಗಿಸುತ್ತಾಳೆ. ಬಾಯಿಂದ 'ಟರ್ಕಿ ಇನ್ ದ ಸ್ಟ್ರಾ' ಎಂಬ ಹಳೇ ಜನಪದ ಮಟ್ಟು ಹೊರಡುತ್ತದೆ. ಅಲ್ಲಿಂದ ಮುಂದೆ ದೋಣಿಯಲ್ಲಿರುವ ಪ್ರಾಣಿಗಳೆಲ್ಲ ವಾದ್ಯಗಳೇ. ಮಿಕ್ಕಿ ಹಂದಿಮರಿಗಳ ಬಾಲ ಎಳೆದು ಸ್ವರ ಹೊರಡಿಸುತ್ತಾನೆ, ಹಸುವಿನ ಬಾಯಿ ತೆರೆದು ಹಲ್ಲುಗಳ ಮೇಲೆ ಕ್ಸೈಲೋಫೋನ್ ಬಾರಿಸುತ್ತಾನೆ.

ಮೊದಲ ಸಲ ನೋಡಿದಾಗ ಇದು ಪ್ರಾಣಿಹಿಂಸೆ ಅನ್ನಿಸಬಹುದು. ಸ್ವಲ್ಪ ಹಾಗೇ ಇದೆ ಕೂಡ, ಆಗಿನ ಮಿಕ್ಕಿ ಈಗಿನಷ್ಟು ಸಂಭಾವಿತ ಅಲ್ಲ. ಆದರೆ ಒಂದು ತಮಾಷೆ ಇನ್ನೊಂದಕ್ಕೆ ಹೇಗೆ ದಾರಿ ಮಾಡಿಕೊಡುತ್ತದೆ ಅಂತ ಗಮನಿಸಿ. ಕಥೆಯ ಜಾಗದಲ್ಲಿ ಅಲ್ಲಿ ತಾಳ ಇದೆ.

ಫೆಲಿಕ್ಸ್ ಅಷ್ಟೊಂದು ಜನಪ್ರಿಯ ಅಂತೀರಿ, ಆಮೇಲೆ ಎಲ್ಲಿ ಹೋದ?

1920ರ ದಶಕದಲ್ಲಿ ಫೆಲಿಕ್ಸ್‌ನನ್ನು ಮೀರಿಸಿದ ಕಾರ್ಟೂನ್ ತಾರೆ ಇರಲಿಲ್ಲ. 1919ರ 'ಫೆಲೈನ್ ಫಾಲೀಸ್'ನಲ್ಲಿ ಹುಟ್ಟಿದ ಬೆಕ್ಕು ಅದು. ಸ್ಟುಡಿಯೋ ಪ್ಯಾಟ್ ಸುಲಿವನ್‌ದು, ಆಸ್ಟ್ರೇಲಿಯಾದಿಂದ ಬಂದವನು. ಪರದೆ ಮೇಲೆ ಹೆಸರು ಬರುತ್ತಿದ್ದುದೂ ಅವನದೇ. ಚಿತ್ರಗಳ ಹಿಂದಿದ್ದ ಕೈ ಮತ್ತು ತಲೆ ಒಟ್ಟೊ ಮೆಸ್ಮರ್‌ದು. ಮೆಸ್ಮರ್ ಅದಕ್ಕೂ ಮುಂಚೆ ಚಾರ್ಲಿ ಚಾಪ್ಲಿನ್ ಕಾರ್ಟೂನ್ ಮಾಡುತ್ತಿದ್ದ. ಚಾಪ್ಲಿನ್ ಭುಜ ಹೇಗೆ ಅಲುಗುತ್ತದೆ, ತಿರುಗುವಾಗ ಕಾಲು ಹೇಗೆ ಇಡುತ್ತಾನೆ ಎಲ್ಲ ಅವನಿಗೆ ಬಾಯಿಪಾಠ. ಫೆಲಿಕ್ಸ್‌ಗೆ ಬಂದಿದ್ದೂ ಅದೇ ಮೈಭಾಷೆ. ಕೈ ಹಿಂದೆ ಕಟ್ಟಿ, ತಲೆ ಬಗ್ಗಿಸಿ, ಅತ್ತಿಂದಿತ್ತ ನಡೆಯುತ್ತಾ ಯೋಚಿಸುವ ಬೆಕ್ಕನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. 'ಫೆಲಿಕ್ಸ್ ಇನ್ ಹಾಲಿವುಡ್'ನಲ್ಲಂತೂ ಬೆಕ್ಕು ಚಾಪ್ಲಿನ್ ಎದುರೇ ಚಾಪ್ಲಿನ್ ನಟನೆ ಮಾಡುತ್ತದೆ. ನನ್ನದನ್ನೇ ಕದಿಯುತ್ತೀಯಾ ಅಂತ ಚಾಪ್ಲಿನ್ ರೇಗುತ್ತಾನೆ!

ಮಾತಿನ ಸಿನಿಮಾ ಬಂದಾಗ ಸುಲಿವನ್ ಸಕಾಲಕ್ಕೆ ಧ್ವನಿಯತ್ತ ತಿರುಗಲಿಲ್ಲ. ಎಚ್ಚೆತ್ತು ಕೆಲವಕ್ಕೆ ಸದ್ದು ಅಂಟಿಸಿದ, ಸರಿ ಹೋಗಲಿಲ್ಲ. 1933ರಲ್ಲಿ ತೀರಿಕೊಂಡ. ಇಡೀ ಆಟ ಮೌನದ ಮೇಲೆ ನಿಂತಿದ್ದ ಬೆಕ್ಕಿಗೆ ಧ್ವನಿ ಕೊಟ್ಟಿದ್ದರೂ ಎಷ್ಟು ಉಪಯೋಗವಾಗುತ್ತಿತ್ತೋ. ಇನ್ನೊಂದು ಮಜಾ ಸಂಗತಿ: ನ್ಯೂಯಾರ್ಕಿನಲ್ಲಿ ಆರ್‌ಸಿಎ ಕಂಪನಿ ಟಿವಿ ಪ್ರಸಾರದ ಮೊದಲ ಪ್ರಯೋಗಗಳನ್ನು ಮಾಡುವಾಗ ಕ್ಯಾಮೆರಾ ಮುಂದೆ ತಿರುಗುವ ಮಣೆಯ ಮೇಲೆ ನಿಲ್ಲಿಸಿದ್ದು ಒಂದು ಫೆಲಿಕ್ಸ್ ಗೊಂಬೆಯನ್ನು. ಗಂಟೆಗಟ್ಟಲೆ ಬಿಸಿ ದೀಪದ ಕೆಳಗೆ ಸಂಬಳ ಕೇಳದೆ ನಿಲ್ಲುವ ನಟ ಬೇರೆ ಯಾರು ಸಿಗುತ್ತಾರೆ?

### ಆಕಾರ, ಕೈಕಾಲು, ಕೈಗವಸು

ಇವಕ್ಕೆ ಕೈಕಾಲಿಗೆ ಮೂಳೆನೇ ಇಲ್ವಾ?

ಇಲ್ಲ, ಮೊಣಕೈ ಮೊಣಕಾಲೂ ಇಲ್ಲ. ಬೇಯಿಸಿದ ಶಾವಿಗೆ ಥರ ಎಲ್ಲಿ ಬೇಕಾದರೂ ಬಗ್ಗುತ್ತವೆ. ಇದಕ್ಕೆ ರಬ್ಬರ್ ಹೋಸ್ (ರಬ್ಬರ್ ಕೊಳವೆ) ಶೈಲಿ ಅನ್ನುತ್ತಾರೆ. ಬಿಲ್ ನೋಲನ್ ಎಂಬ ಕಲಾವಿದ ಇದನ್ನು ರೂಢಿಗೆ ತಂದವರಲ್ಲಿ ಮುಖ್ಯನು. ಚೂಪು ಚೂಪಾಗಿದ್ದ ಫೆಲಿಕ್ಸ್ ಉರುಟಾಗಿದ್ದೂ ಅವನ ಕಾಲದಲ್ಲೇ.

ಕಾರಣ ಸೋಮಾರಿತನ ಅಲ್ಲ, ಲೆಕ್ಕಾಚಾರ. ಮೂಲೆಗಳಿರುವ ಕೈಯನ್ನು ಸಾವಿರ ಸಲ ಒಂದೇ ಥರ ಬರೆಯುವುದು ಕಷ್ಟ. ಒಂಚೂರು ತಪ್ಪಿದರೂ ಪರದೆಯ ಮೇಲೆ ನಡುಗುತ್ತದೆ. ಒಂದು ವೃತ್ತಕ್ಕೆ ಎರಡು ಬಾಗಿದ ಗೆರೆ ಸೇರಿಸುವುದು ಬೇಗ ಆಗುತ್ತದೆ, ಚಲನೆಯೂ ನಯವಾಗಿ ಕಾಣುತ್ತದೆ. ವಾರಗಳಲ್ಲಿ ಮುಗಿಸಬೇಕಾದ ಕೆಲಸಕ್ಕೆ ಕಂಡುಕೊಂಡ ದಾರಿ ಅದು. ಆದರೆ ಆ ದಾರಿಯಲ್ಲೇ ತಮಾಷೆಯೂ ಸಿಕ್ಕಿತು. ಮೂಳೆ ಇಲ್ಲದ ಕೈ ಒಂದು ಮೈಲಿ ಉದ್ದಕ್ಕೆ ಚಾಚಿದರೂ ಯಾರೂ ಹೇಗೆ ಅಂತ ಕೇಳುವುದಿಲ್ಲ.

ಬಿಳಿ ಕೈಗವಸು ಯಾಕೆ? ಅದೂ ನಾಲ್ಕೇ ಬೆರಳು?

ಬೆರಳು ನಾಲ್ಕು ಯಾಕೆ ಅಂದರೆ ಐದನೆಯದನ್ನು ಬರೆಯುವ ಕೆಲಸ ಉಳಿಯುತ್ತದೆ. ಪುಟ್ಟ ದುಂಡು ಕೈಗೆ ಐದು ಬೆರಳು ಬರೆದರೆ ಬಾಳೆಗೊನೆಯಂತೆ ಕಾಣುತ್ತದೆ ಅಂತ ಡಿಸ್ನಿ ಕಡೆಯವರು ಹೇಳುತ್ತಿದ್ದರು.

ಕೈಗವಸಿಗೆ ಎರಡು ಕಾರಣ. ಒಂದು ಕಣ್ಣಿನದು: ಕಪ್ಪು ಮೈ ಎದುರು ಕಪ್ಪು ಕೈ ಬಂದರೆ ಏನು ಮಾಡುತ್ತಿದೆ ಅಂತ ಕಾಣುವುದಿಲ್ಲ. 'ಸ್ಟೀಮ್‌ಬೋಟ್ ವಿಲ್ಲಿ'ಯಲ್ಲಿ ಮಿಕ್ಕಿಗೆ ಕೈಗವಸು ಇಲ್ಲ, ಅಲ್ಲಿ ಈ ತೊಂದರೆ ಕಣ್ಣಿಗೇ ಬೀಳುತ್ತದೆ. ಮುಂದಿನ ವರ್ಷ 'ದಿ ಆಪ್ರಿ ಹೌಸ್'ನಲ್ಲಿ ಮೊದಲ ಸಲ ಹಾಕಿಕೊಂಡ. ಇನ್ನೊಂದು ಕಾರಣ ಅಷ್ಟು ಮುಗ್ಧ ಅಲ್ಲ. ಆಗಿನ ಅಮೆರಿಕದ ರಂಗಭೂಮಿಯಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದು ಕಪ್ಪು ಜನರ ಅಣಕ ಮಾಡುವ ಮಿನ್‌ಸ್ಟ್ರೆಲ್ ಆಟಗಳಿದ್ದವು. ಕಪ್ಪು ಮುಖ, ದೊಡ್ಡ ಬಾಯಿ, ಅಗಲ ಕಣ್ಣು, ಬಿಳಿ ಕೈಗವಸು. ಆ ವೇಷದ ನೆರಳು ಈ ಪಾತ್ರಗಳ ಮೇಲೆ ಬಿದ್ದಿದೆ.

ಎಲ್ಲ ಪಾತ್ರಗಳೂ ಒಂದೇ ಥರ ಇವೆ, ಕಿವಿ ಮಾತ್ರ ಬೇರೆ. ಒಬ್ಬರದ್ದೊಬ್ಬರು ಕದ್ದರಾ?

ಧಾರಾಳವಾಗಿ. ಫೆಲಿಕ್ಸ್‌ನ ಚೂಪು ಕಿವಿ ತೆಗೆದು ಉದ್ದ ಕಿವಿ ಇಟ್ಟರೆ ಆಸ್ವಾಲ್ಡ್ ಮೊಲ, ದುಂಡಗಿನ ಕಿವಿ ಇಟ್ಟರೆ ಮಿಕ್ಕಿ. ಆಸ್ವಾಲ್ಡ್ 1927ರಲ್ಲಿ ಡಿಸ್ನಿ ಮಾಡಿದ ಪಾತ್ರ, ಹಕ್ಕು ಮಾತ್ರ ಯೂನಿವರ್ಸಲ್ ಎಂಬ ಸಿನಿಮಾ ಕಂಪನಿಯದು. 1928ರಲ್ಲಿ ಹಂಚಿಕೆದಾರ ಚಾರ್ಲ್ಸ್ ಮಿಂಟ್ಜ್ ಡಿಸ್ನಿಯ ಹುಡುಗರನ್ನೇ ಜಾಸ್ತಿ ಪಾಲು ತನ್ನ ಕಡೆ ಎಳೆದುಕೊಂಡ. ಪಾತ್ರವೂ ಹೋಯಿತು, ಕೆಲಸಗಾರರೂ ಹೋದರು. ಹೋಗದೆ ಉಳಿದವರಲ್ಲಿ ಅಬ್ ಐವರ್ಕ್ಸ್ ಒಬ್ಬ. ಅವನೇ ಮಿಕ್ಕಿಗೆ ರೂಪ ಕೊಟ್ಟಿದ್ದು.

ಆಸ್ವಾಲ್ಡ್ ಡಿಸ್ನಿ ಮನೆಗೆ ಮರಳಿದ್ದು 2006ರಲ್ಲಿ. ಡಿಸ್ನಿ ಕಡೆಯ ಟಿವಿ ಕ್ರೀಡಾ ವೀಕ್ಷಕ ವಿವರಣೆಗಾರ ಅಲ್ ಮೈಕಲ್ಸ್‌ನನ್ನು ಯೂನಿವರ್ಸಲ್ ಕಡೆಯವರಿಗೆ ಬಿಟ್ಟುಕೊಟ್ಟ ಒಪ್ಪಂದದಲ್ಲಿ ಈ ಮೊಲ ವಾಪಸ್ ಬಂತು. ಮನುಷ್ಯನನ್ನು ಕೊಟ್ಟು ಮೊಲ ತಂದರು ಅಂದರೆ ನಂಬುವುದು ಕಷ್ಟ, ಆದರೆ ನಡೆದಿದ್ದು ಅದೇ.

### ಮಾಡುತ್ತಿದ್ದುದು ಹೇಗೆ

ಎಲ್ಲಕ್ಕಿಂತ ಮೊದಲ ಕಾರ್ಟೂನ್ ಯಾವುದು?

ಯಾವುದನ್ನು ಕಾರ್ಟೂನ್ ಅನ್ನುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 1906ರಲ್ಲಿ ಅಮೆರಿಕದ ಬ್ಲ್ಯಾಕ್‌ಟನ್ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಮುಖಗಳನ್ನು ಅಲುಗಾಡಿಸಿದ. 1908ರಲ್ಲಿ ಪ್ಯಾರಿಸ್‌ನಲ್ಲಿ ಎಮಿಲ್ ಕೋಲ್ 'ಫಾಂಟಾಸ್ಮಗೋರಿ' ಮಾಡಿದ. ಸುಮಾರು 700 ಚಿತ್ರ, ಎರಡು ನಿಮಿಷವೂ ಇಲ್ಲ. ಕಾಗದದ ಮೇಲೆ ಕಪ್ಪು ಗೆರೆ ಬರೆದು ನೆಗೆಟಿವ್ ಆಗಿ ಪ್ರಿಂಟ್ ಹಾಕಿಸಿದ್ದರಿಂದ ಕಪ್ಪು ಹಲಗೆಯ ಮೇಲಿನ ಬಿಳಿ ಗೆರೆಯಂತೆ ಕಾಣುತ್ತದೆ.

ನನಗೆ ತುಂಬ ಇಷ್ಟವಾದದ್ದು 1914ರ 'ಗರ್ಟಿ'. ವಿನ್ಸರ್ ಮೆಕೇ ಇದನ್ನು ನಾಟಕದ ವೇದಿಕೆಗಾಗಿ ಮಾಡಿದ. ಅವನು ಕೈಯಲ್ಲಿ ಚಾವಟಿ ಹಿಡಿದು ಪರದೆಯ ಪಕ್ಕ ನಿಲ್ಲುತ್ತಿದ್ದ. ಪರದೆಯಲ್ಲಿ ಗರ್ಟಿ ಎಂಬ ಡೈನೋಸಾರ್. ಕಾಲೆತ್ತು ಅಂದರೆ ಎತ್ತುತ್ತದೆ, ಗದರಿಸಿದರೆ ಅಳುತ್ತದೆ. ಒಂದು ಹಣ್ಣನ್ನು ಎಸೆಯುವಂತೆ ಮಾಡಿ ಅಂಗೈಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದ, ಅದೇ ಕ್ಷಣಕ್ಕೆ ಪರದೆಯಲ್ಲಿ ಬರೆದ ಹಣ್ಣು ಗರ್ಟಿಯ ಬಾಯಿಗೆ ಬೀಳುತ್ತಿತ್ತು. ಕೊನೆಗೆ ಮೆಕೇ ಪರದೆಯ ಹಿಂದೆ ನಡೆದು ಹೋಗುತ್ತಾನೆ, ಮರುಕ್ಷಣ ಚಿತ್ರದೊಳಗೆ ಬರೆದ ಮೆಕೇ ಬರುತ್ತಾನೆ. ಗರ್ಟಿ ಅವನನ್ನು ಹೊತ್ತುಕೊಂಡು ಹೊರಟುಬಿಡುತ್ತದೆ.

ಪ್ರತಿಯೊಂದು ಚಿತ್ರವನ್ನೂ ಕೈಯಲ್ಲೇ ಬರೆದರಾ? ಎಷ್ಟು ಬೇಕಾಗ್ತಿತ್ತು?

ಕೈಯಲ್ಲೇ. ಗರ್ಟಿ ಕಾಲದಲ್ಲಿ ಹಿಂದಿನ ಬೆಟ್ಟ ಬಂಡೆಗಳನ್ನೂ ಪ್ರತಿ ಹಾಳೆಯಲ್ಲಿ ಮತ್ತೆ ಬರೆಯಬೇಕಿತ್ತು. ಅದಕ್ಕೆಂದೇ ಜಾನ್ ಫಿಟ್ಜ್‌ಸಿಮನ್ಸ್ ಎಂಬ ಹುಡುಗನನ್ನು ಇಟ್ಟುಕೊಂಡಿದ್ದರು. ಕೆಲಸ ಇಳಿಸಿದ್ದು ಸೆಲ್ ಹಾಳೆ. ಹಿನ್ನೆಲೆಯನ್ನು ಒಂದೇ ಸಲ ಬರೆದಿಟ್ಟು, ಪಾತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಮೇಲೆ ಬರೆದು ಮೇಲಿಡುವ ಉಪಾಯ. ಅರ್ಲ್ ಹರ್ಡ್ ಎಂಬಾತ 1914ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ, ಜಾನ್ ಬ್ರೇ ಜೊತೆ ಸೇರಿ ಉಳಿದ ಸ್ಟುಡಿಯೋಗಳಿಂದ ಲೈಸೆನ್ಸ್ ಹಣ ವಸೂಲಿ ಮಾಡಿದ. ಫೆಲಿಕ್ಸ್ ಸ್ಟುಡಿಯೋದವರು ಇದನ್ನೇ ತಿರುಗುಮುರುಗು ಮಾಡಿಕೊಂಡರು: ಬೆಕ್ಕು ಕಾಗದದ ಮೇಲೆ, ಮನೆ ಮರ ಮೇಲಿನ ಸೆಲ್ ಮೇಲೆ. ಅದಕ್ಕೇ ಫೆಲಿಕ್ಸ್‌ನ ಲೋಕ ಅಷ್ಟು ಖಾಲಿ ಖಾಲಿ, ಬೆಳ್ಳಗೆ.

ಲೆಕ್ಕ ನೀವೇ ಹಾಕಿ. ಮಾತಿನ ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ ಫಿಲ್ಮಿನ 24 ಚೌಕ, ಓಡುತ್ತದೆ. ಏಳು ನಿಮಿಷಕ್ಕೆ 10,080. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ 5,040. ಮಿಕ್ಕಿಯ ಮೊದಲ ಚಿತ್ರ 'ಪ್ಲೇನ್ ಕ್ರೇಜಿ'ಯ ಆನಿಮೇಷನ್ ಐವರ್ಕ್ಸ್ ಒಬ್ಬನೇ ಮಾಡಿದ್ದು. ದಿನಕ್ಕೆ 700 ಚಿತ್ರ ಬರೆಯುತ್ತಿದ್ದ ಅಂತ ಹೇಳುತ್ತಾರೆ. ಆ ವೇಗ ನೆನಪಿಟ್ಟುಕೊಂಡು ನೋಡಿದರೆ ಒಂದೇ ನಡಿಗೆ ಮತ್ತೆ ಮತ್ತೆ ಬರುವುದನ್ನು ಕ್ಷಮಿಸಲು ಮನಸ್ಸಾಗುತ್ತದೆ. ಎಂಟು ಹತ್ತು ಚಿತ್ರಗಳ ನಡಿಗೆಯನ್ನು ಸುತ್ತಿ ಸುತ್ತಿ ತೋರಿಸಿ, ಹಿನ್ನೆಲೆಯನ್ನು ಸರಿಸುತ್ತಿದ್ದರು ಅಷ್ಟೇ.

ಹೆಂಗಸರು ಯಾರೂ ಇರಲಿಲ್ವಾ ಈ ಸ್ಟುಡಿಯೋಗಳಲ್ಲಿ?

ಇದ್ದರು, ಜಾಸ್ತಿ ಪಾಲು ಪೆನ್ಸಿಲ್ ಗೆರೆಯನ್ನು ಸೆಲ್ ಮೇಲೆ ಮಸಿಯಲ್ಲಿ ತಿದ್ದುವ, ಬಣ್ಣ ತುಂಬುವ ವಿಭಾಗದಲ್ಲಿ. ಅಲ್ಲಿಂದ ಮೇಲೆ ಬಿಡುತ್ತಿರಲಿಲ್ಲ. ಬೆಟ್ಟಿ ಬೂಪ್, ಪೋಪೈ ಕಾರ್ಟೂನ್‌ಗಳನ್ನು ಮಾಡಿದ ಫ್ಲೈಷರ್ ಸ್ಟುಡಿಯೋದ ಲಿಲಿಯನ್ ಫ್ರೀಡ್‌ಮನ್ 1933ರಲ್ಲಿ ಆನಿಮೇಟರ್ ಆದಳು. ಅಮೆರಿಕದ ಸ್ಟುಡಿಯೋಗಳಲ್ಲಿ ಆ ಜಾಗಕ್ಕೆ ಬಂದ ಮೊದಲ ಹೆಂಗಸು ಅಂತ ಅವಳನ್ನೇ ಹೇಳುತ್ತಾರೆ.

'ಸ್ಟೀಮ್‌ಬೋಟ್ ವಿಲ್ಲಿ' ತಾನೇ ಮೊದಲ ಮಾತಿನ ಕಾರ್ಟೂನ್?

ಅಲ್ಲ. ಮ್ಯಾಕ್ಸ್ ಫ್ಲೈಷರ್ 1924ರಿಂದಲೇ ಹಾಡಿನ ಕಾರ್ಟೂನ್ ಮಾಡುತ್ತಿದ್ದ. ಸಾಹಿತ್ಯದ ಮೇಲೆ ಪುಟಿಯುವ ಚೆಂಡು, ಜನ ಅದನ್ನು ನೋಡಿಕೊಂಡು ಹಾಡಬೇಕು. ಅದರಲ್ಲಿ ಕೆಲವಕ್ಕೆ ಧ್ವನಿಯೂ ಇತ್ತು. ಇಂದಿನ ಕ್ಯಾರಿಯೋಕೆಗೆ ತಾತ ಅದು. ಪಾಲ್ ಟೆರ್ರಿಯ 'ಡಿನ್ನರ್ ಟೈಮ್' ಕೂಡ 'ವಿಲ್ಲಿ'ಗಿಂತ ಸ್ವಲ್ಪ ಮೊದಲು ಬಂತು.

'ವಿಲ್ಲಿ' ಗೆದ್ದಿದ್ದು ತಾಳದಲ್ಲಿ. ಚಿತ್ರ ಬರೆಯುವ ಮೊದಲೇ ಒಂದು ಬೀಟ್‌ಗೆ ಎಷ್ಟು ಫ್ರೇಮ್ ಅಂತ ಲೆಕ್ಕ ಹಾಕಿಕೊಂಡರು. ವಿಲ್‌ಫ್ರೆಡ್ ಜಾಕ್ಸನ್ ಎಂಬ ಹುಡುಗನಿಗೆ ಸಂಗೀತ ಗೊತ್ತಿತ್ತು, ಅವನು ಟಿಕ್ ಟಿಕ್ ಅಂತ ತಾಳ ತೋರಿಸುವ ಮೆಟ್ರೋನೋಮ್ ತಂದ. ಅರ್ಧ ಚಿತ್ರ ಆದಾಗ ಮನೆಯವರನ್ನೆಲ್ಲ ಕರೆದು ತೋರಿಸಿದರು. ಜಾಕ್ಸನ್ ಹಾರ್ಮೋನಿಕಾ ಊದಿದ, ಉಳಿದವರು ಪಾತ್ರೆ ಪಗಡ ಬಡಿದರು. ಆಮೇಲೆ ನ್ಯೂಯಾರ್ಕಿನಲ್ಲಿ ವಾದ್ಯವೃಂದ ಇಟ್ಟು ಧ್ವನಿ ಹಿಡಿದಾಗ ಮೊದಲ ಸಲ ಎಲ್ಲ ಹಾಳಾಯಿತು, ಸಂಗೀತ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಎರಡನೇ ಸಲಕ್ಕೆ ದುಡ್ಡಿಲ್ಲದೆ ಡಿಸ್ನಿ ತನ್ನ ಕಾರು ಮಾರಿದ. ಈ ಸಲ ಫಿಲ್ಮಿನ ಮೇಲೇ ಪುಟಿಯುವ ಗುರುತು ಹಾಕಿ, ನಿರ್ದೇಶಕ ಅದನ್ನು ನೋಡಿಕೊಂಡು ಕೋಲಾಡಿಸುವಂತೆ ಮಾಡಿದರು. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಎಂಬ ಥಿಯೇಟರಿನಲ್ಲಿ ತೆರೆಗೆ ಬಂತು. ಅಲ್ಲಿಂದ ಮುಂದೆ ನಾಲ್ಕೈದು ವರ್ಷ ಪ್ರತಿ ಕಾರ್ಟೂನಿನಲ್ಲೂ ಮರ, ಮನೆ, ಕುರ್ಚಿ ಎಲ್ಲ ಸುಮ್ನೆ ನಿಂತಿದ್ದಾಗಲೂ ತಾಳಕ್ಕೆ ಮೇಲೆ ಕೆಳಗೆ ಆಡುತ್ತವೆ. ಹೊಸದಾಗಿ ತಾಳ ಸಿಕ್ಕಿದ ಖುಷಿ ಅದು.

ಪೋಪೈ ಬಾಯಿ ಮುಚ್ಚಿದ್ರೂ ಏನೋ ಗೊಣಗ್ತಾನೇ ಇರ್ತಾನಲ್ಲ?

ನಾವಿಕ ಪೋಪೈ ಫ್ಲೈಷರ್ ಸ್ಟುಡಿಯೋದವನು. ಅಲ್ಲಿ ಚಿತ್ರ ಮುಗಿದ ಮೇಲೆ ಧ್ವನಿ ಹಾಕುವುದು ವಾಡಿಕೆ. ಪೋಪೈಗೆ ಧ್ವನಿ ಕೊಟ್ಟ ಜಾಕ್ ಮರ್ಸರ್, ಅವನ ಗೆಳತಿ ಆಲಿವ್ ಆಯಿಲ್‌ಗೆ ಧ್ವನಿಯಾಗಿದ್ದ ಮೇ ಕ್ವೆಸ್ಟೆಲ್ ಪರದೆ ನೋಡುತ್ತಾ ಬಾಯಿಗೆ ಬಂದದ್ದು ಸೇರಿಸುತ್ತಿದ್ದರು. ತುಟಿ ಅಲ್ಲಾಡದ ಆ ಗೊಣಗಾಟದಲ್ಲೇ ಒಳ್ಳೊಳ್ಳೆ ಜೋಕ್‌ಗಳಿರುತ್ತವೆ. ಹೆಡ್‌ಫೋನ್ ಹಾಕಿಕೊಂಡು ನೋಡಿ.

ಕೆಲವು ಪಾತ್ರಗಳು ಇದ್ದಕ್ಕಿದ್ದಂತೆ ನಿಜವಾದ ಮನುಷ್ಯರ ಥರ ಕುಣೀತವೆ. ಹೇಗೆ?

ರೋಟೋಸ್ಕೋಪ್. ನಿಜವಾದ ಮನುಷ್ಯನನ್ನು ಚಿತ್ರೀಕರಿಸಿ, ಒಂದೊಂದೇ ಫ್ರೇಮನ್ನು ಗಾಜಿನ ಮೇಲೆ ಬೀಳಿಸಿ, ಮೇಲೆ ಗೆರೆ ಎಳೆಯುವ ಯಂತ್ರ. ಮ್ಯಾಕ್ಸ್ ಫ್ಲೈಷರ್‌ಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ಅವನ ತಮ್ಮ ಡೇವ್ ಜೋಕರ್ ಬಟ್ಟೆ ಹಾಕಿಕೊಂಡು ಕುಣಿದ, ಅದರಿಂದ ಮಸಿಕುಡಿಕೆಯಿಂದ ಹೊರಬರುವ ಕೋಕೋ ಹುಟ್ಟಿದ.

ಇದರ ಶಿಖರ ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ಹಾಡಿದ ಫ್ಲೈಷರ್ ಚಿತ್ರಗಳು. 'ಮಿನ್ನಿ ದ ಮೂಚರ್' (1932) ಶುರುವಾಗುವುದೇ ಕ್ಯಾಲೊವೇ ತನ್ನ ವಾದ್ಯವೃಂದದ ಮುಂದೆ ನಿಜವಾಗಿ ಕುಣಿಯುವುದರಿಂದ. ಆಮೇಲೆ ಮನೆ ಬಿಟ್ಟು ಓಡಿದ ಬೆಟ್ಟಿ ಬೂಪ್ ಎಂಬ ಹುಡುಗಿ ಮತ್ತು ಅವಳ ಗೆಳೆಯ, ಬಿಂಬೋ ಎಂಬ ನಾಯಿ, ಒಂದು ಗುಹೆ ಹೊಕ್ಕಾಗ, ವಾಲ್ರಸ್ ರೂಪದ ದೆವ್ವವೊಂದು ಬಂದು ಅದೇ ಕುಣಿತ ಕುಣಿಯುತ್ತದೆ. ಫ್ಲೈಷರ್‌ದೇ ಆದ 1933ರ 'ಸ್ನೋ-ವೈಟ್'ನಲ್ಲಿ ಕೋಕೋ ಕ್ಯಾಲೊವೇ ಧ್ವನಿಯಲ್ಲಿ ಸಾವಿನ ಹಾಡು ಹಾಡುತ್ತಾ ನಡೆಯುತ್ತಾನೆ, ನಡುದಾರಿಯಲ್ಲಿ ಉದ್ದ ಕಾಲಿನ ಬಿಳಿ ಭೂತವಾಗುತ್ತಾನೆ. ಸಾಮಾನ್ಯವಾಗಿ ರೋಟೋಸ್ಕೋಪ್ ಮಾಡಿದ ಚಲನೆ ಸಪ್ಪೆ, ಗೆರೆಗೆ ಬಿಡುಗಡೆ ಇರುವುದಿಲ್ಲ. ಇಲ್ಲಿ ಹಾಗಿಲ್ಲ, ಯಾಕೆಂದರೆ ಕ್ಯಾಲೊವೇನ ಕುಣಿತವೇ ಮೂಳೆ ಇಲ್ಲದವನ ಹಾಗಿದೆ.

### ಸ್ವಲ್ಪ ಒಳಗೆ ಹೋದರೆ

ಡಿಸ್ನಿ ದೊಡ್ಡದಾ, ಫ್ಲೈಷರ್ ದೊಡ್ಡದಾ?

ಕುಶಲತೆಗೆ ಡಿಸ್ನಿ. ವಿಚಿತ್ರಕ್ಕೆ ಫ್ಲೈಷರ್, ಅದರಲ್ಲಿ ಎರಡು ಮಾತಿಲ್ಲ. ಡಿಸ್ನಿಯವರು ಕ್ಯಾಲಿಫೋರ್ನಿಯಾದಲ್ಲಿ ಹೊಲ, ಕೊಟ್ಟಿಗೆ, ಕೋಳಿ ಬರೆದರು. ಫ್ಲೈಷರ್ ಅಣ್ಣತಮ್ಮಂದಿರು ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಕೂತು ಗಲ್ಲಿ, ಮೆಟ್ಟಿಲು, ನೆಲಮಾಳಿಗೆ ಬರೆದರು.

'ಬಿಂಬೋಸ್ ಇನಿಷಿಯೇಷನ್' ನೋಡಿ. ಬಿಂಬೋ ಎಂಬ ನಾಯಿ ಬೀದಿಯಲ್ಲಿ ಸುಮ್ನೆ ನಡೆದು ಹೋಗುತ್ತಿದೆ. ತೆರೆದ ಮ್ಯಾನ್‌ಹೋಲ್‌ಗೆ ಬೀಳುತ್ತದೆ. ಮಿಕ್ಕಿಯನ್ನೇ ಹೋಲುವ ಒಂದು ಇಲಿ ಬಂದು ಮುಚ್ಚಳ ಮುಚ್ಚಿ ಬೀಗ ಹಾಕುತ್ತದೆ! ಕೆಳಗೆ ತಲೆ ಮೇಲೆ ಮೇಣದ ಬತ್ತಿ ಹೊತ್ತ ಒಂದು ಗುಂಪು. ನಮ್ಮ ಸಂಘ ಸೇರ್ತೀಯಾ ಅಂತ ರಾಗವಾಗಿ ಕೇಳುತ್ತಾರೆ. ಇಲ್ಲ ಅನ್ನುತ್ತಾನೆ. ಅಲ್ಲಿಂದ ಬಾಗಿಲ ಹಿಂದೆ ಬಾಗಿಲು, ಕತ್ತಿ, ಬೆಂಕಿ, ಹಿಂಬದಿಗೆ ಬಾರಿಸುವ ಸೈಕಲ್. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಅದೇ ಗುಂಪು, ಅದೇ ಪ್ರಶ್ನೆ, ಅದೇ 'ಇಲ್ಲ'. ಕೊನೆಗೆ ಗುಂಪಿನ ನಾಯಕ ವೇಷ ಕಳಚಿದರೆ ಬೆಟ್ಟಿ ಬೂಪ್! ಆಗ ಬಿಂಬೋ ಒಪ್ಪಿಕೊಳ್ಳುತ್ತಾನೆ. ಉಳಿದವರೂ ವೇಷ ತೆಗೆದರೆ ಎಲ್ಲರೂ ಬೆಟ್ಟಿಯರೇ. ಭಯ ಮತ್ತು ನಗು ಎರಡೂ ಒಂದೇ ಗೆರೆಯಲ್ಲಿ ಇರುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾವ ಕಾರ್ಟೂನಿನಲ್ಲೂ ನಾನು ನೋಡಿಲ್ಲ.

ಬೆಟ್ಟಿ ಬೂಪ್ ನಿಜವಾದ ಯಾರನ್ನೋ ನೋಡಿ ಬರೆದದ್ದಂತೆ, ಹೌದಾ?

ಬೆಟ್ಟಿ 1930ರ 'ಡಿಜ್ಜಿ ಡಿಶಸ್'ನಲ್ಲಿ ಮೊದಲು ಬಂದಾಗ ಅರ್ಧ ನಾಯಿ. ಜೋಲು ಕಿವಿ, ಕಪ್ಪು ಮೂಗು. ಬರೆದವನು ಗ್ರಿಮ್ ನ್ಯಾಟ್‌ವಿಕ್. 1932ರ ಹೊತ್ತಿಗೆ ಆ ಕಿವಿಗಳು ಓಲೆಗಳಾದವು, ಬೆಟ್ಟಿ ಪೂರ್ತಿ ಹೆಣ್ಣಾದಳು.

ಆಗ ಹೆಲೆನ್ ಕೇನ್ ಎಂಬ ಗಾಯಕಿ ಕೋರ್ಟಿಗೆ ಹೋದಳು. ನನ್ನ ಮುಖ, ನನ್ನ ದನಿ, ನನ್ನ 'ಬೂಪ್ ಬೂಪ್' ಕದ್ದಿದ್ದಾರೆ, 2,50,000 ಡಾಲರ್ ಕೊಡಿ ಅಂದಳು. ಹೋಲಿಕೆ ಇದ್ದದ್ದು ನಿಜ. ಆದರೆ 1934ರ ವಿಚಾರಣೆಯಲ್ಲಿ ಫ್ಲೈಷರ್ ಕಡೆಯವರು ಬೇಬಿ ಎಸ್ತರ್ ಎಂಬ ಕಪ್ಪು ಬಾಲಗಾಯಕಿಯ ಮ್ಯಾನೇಜರನ್ನು ಕರೆತಂದರು. ಎಸ್ತರ್ ಹಾಗೆ ಹಾಡುವುದನ್ನು ಕೇನ್ ಮೊದಲೇ ಕೂತು ಕೇಳಿದ್ದಳು ಅಂತ ಅವನು ಸಾಕ್ಷಿ ಹೇಳಿದ. ಎಸ್ತರ್ ಹಾಡುವ ಫಿಲ್ಮನ್ನೂ ತೋರಿಸಿದರು. ಕೇನ್ ಸೋತಳು. ಹಾಗಂತ ಬೆಟ್ಟಿಯನ್ನು ಎಸ್ತರ್‌ಳನ್ನು ನೋಡಿ ಬರೆದರು ಅಂತ ಈಗ ಹರಡುವ ಮಾತೂ ಸರಿ ಅಲ್ಲ. ಕೋರ್ಟಿನಲ್ಲಿ ಚರ್ಚೆ ಆಗಿದ್ದು ಹಾಡುವ ಶೈಲಿಯದು. ಈ ಗದ್ದಲದಲ್ಲಿ ದುಡ್ಡು, ಹೆಸರು ಎರಡೂ ಸಿಗದೆ ಹೋಗಿದ್ದು ಎಸ್ತರ್‌ಗೆ.

ಕಪ್ಪು ಜನರನ್ನು ಗೇಲಿ ಮಾಡುವ ಚಿತ್ರಗಳನ್ನು ಹೇಗೆ ನೋಡೋದು?

ಕಣ್ಣು ತೆರೆದು ನೋಡುವುದು. ಆ ಕಾಲ ಹಾಗಿತ್ತು ಅಂತ ತೇಲಿಸಿಬಿಡಲು ನನಗೆ ಮನಸ್ಸಿಲ್ಲ. 1932ರ ಒಂದು ಬೆಟ್ಟಿ ಬೂಪ್ ಚಿತ್ರದಲ್ಲಿ ಕಪ್ಪು ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ತಂಡದೊಂದಿಗೆ ನಿಜವಾಗಿ ಕಾಣಿಸಿಕೊಂಡು ನುಡಿಸುತ್ತಾನೆ. ಅದೇ ಚಿತ್ರದಲ್ಲಿ ಬಿಂಬೋ ಮತ್ತು ಕೋಕೋರನ್ನು ಅಟ್ಟಿಸಿಕೊಂಡು ಬರುವ ನರಭಕ್ಷಕನ ತಲೆ ಆರ್ಮ್‌ಸ್ಟ್ರಾಂಗ್‌ನ ತಲೆಯಾಗಿ ಹಾಡುತ್ತದೆ. ಆ ಸಂಗೀತ ಇಲ್ಲದಿದ್ದರೆ ಈ ಕಾರ್ಟೂನ್‌ಗಳಿಗೆ ಜೀವವೇ ಇಲ್ಲ. ಸಂಗೀತ ತೆಗೆದುಕೊಂಡು ಸಂಗೀತಗಾರನಿಗೆ ಕೊಟ್ಟದ್ದು ಆ ವೇಷ. ಎರಡೂ ಒಂದೇ ಫ್ರೇಮಿನಲ್ಲಿವೆ, ಬಿಡಿಸಲು ಬರುವುದಿಲ್ಲ. ಕತ್ತರಿಸಿ ತೋರಿಸುವುದಕ್ಕಿಂತ ಪೂರ್ತಿ ಇಟ್ಟು, ಏನು ಅಂತ ಹೇಳಿ ತೋರಿಸುವುದು ಮೇಲು.

ಈ ಶೈಲಿ ಯಾಕೆ ನಿಂತುಹೋಯ್ತು?

ಒಂದರ ಹಿಂದೊಂದು ಏಟು ಬಿತ್ತು. 1932ರಲ್ಲಿ ಡಿಸ್ನಿಯ 'ಫ್ಲವರ್ಸ್ ಅಂಡ್ ಟ್ರೀಸ್' ಪೂರ್ತಿ ಬಣ್ಣದ ಟೆಕ್ನಿಕಲರ್‌ನಲ್ಲಿ ಬಂತು. ಕೆಲವು ವರ್ಷ ಆ ತಂತ್ರ ಕಾರ್ಟೂನಿಗೆ ಬಳಸುವ ಹಕ್ಕು ಡಿಸ್ನಿಗೆ ಮಾತ್ರ ಇತ್ತು. ಹಾಗಾಗಿ ಫ್ಲೈಷರ್‌ದವರು 1934ರಲ್ಲಿ ಬೆಟ್ಟಿಯ 'ಪೂರ್ ಸಿಂಡರೆಲ್ಲ'ವನ್ನು ಎರಡೇ ಬಣ್ಣದ ಸಿನೆಕಲರ್‌ನಲ್ಲಿ ಮಾಡಬೇಕಾಯಿತು. ಅದೇ ವರ್ಷ ಹಾಲಿವುಡ್‌ನಲ್ಲಿ ಸಿನಿಮಾದಲ್ಲಿ ಏನು ತೋರಿಸಬಹುದು ಎಂಬ ನೀತಿ ಸಂಹಿತೆ ಬಿಗಿಯಾಯಿತು. ಬೆಟ್ಟಿಯ ಲಂಗ ಉದ್ದವಾಯಿತು, ದೆವ್ವಗಳು ಹೋದವು, ಅವಳು ಅಡುಗೆ, ನಾಯಿಮರಿ ನೋಡಿಕೊಂಡಿರುವ ಗೃಹಿಣಿಯಂತಾದಳು. ಆ ಚಿತ್ರಗಳನ್ನು ನೋಡಲು ಬೇಜಾರಾಗುತ್ತದೆ.

ಆದರೆ ನಿಜವಾದ ಕಾರಣ ಬೇರೆ ಅಂತ ನನ್ನ ಲೆಕ್ಕ. ಡಿಸ್ನಿಗೆ ಒಂದೂವರೆ ಗಂಟೆ ಜನರನ್ನು ಅಳಿಸಿ ನಗಿಸುವ ಸಿನಿಮಾ ಬೇಕಿತ್ತು. ಅದಕ್ಕೆ ಪಾತ್ರಕ್ಕೆ ಭಾರ ಬೇಕು, ಮೂಳೆ ಬೇಕು, ಬಿದ್ದರೆ ನೋವಾಗಬೇಕು. ಬಾಲ ಕಿತ್ತು ಕೋಲು ಮಾಡಿಕೊಳ್ಳುವ ಪ್ರಾಣಿಗಾಗಿ ಯಾರೂ ಅಳುವುದಿಲ್ಲ. 1937ರಲ್ಲಿ ಡಿಸ್ನಿಯ 'ಸ್ನೋ ವೈಟ್' ಗೆದ್ದ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು.

ಭಾರತದಲ್ಲಿ ಆ ಕಾಲಕ್ಕೆ ಇಂಥದ್ದು ಏನಾದರೂ ಇತ್ತಾ?

ಚೂರುಪಾರು. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ 'ಆಗಕಾಡ್ಯಾಂಚಿ ಮೌಜ್' ಮಾಡಿದರು, ಅದು ಉಳಿದಿಲ್ಲ. 1934ರಲ್ಲಿ ಕಲ್ಕತ್ತಾದಲ್ಲಿ ಗುಣಮಯ ಬ್ಯಾನರ್ಜಿ 'ದಿ ಪೀ ಬ್ರದರ್ಸ್' ಎಂಬ ಪುಟ್ಟ ಕಾರ್ಟೂನ್ ಮಾಡಿದರು.

ಬಣ್ಣ ಹಚ್ಚಿದ ಕಾಪಿ ಸಿಕ್ಕಿದೆ, ಅದೇ ನೋಡಬಹುದಾ?

ಬೇಡ. 1960ರ ದಶಕದ ಕೊನೆಯಲ್ಲಿ ಟಿವಿಗಾಗಿ ವಾರ್ನರ್ ಸ್ಟುಡಿಯೋದ ಪೋರ್ಕಿ ಪಿಗ್ ಎಂಬ ಹಂದಿಯ ಕಪ್ಪು-ಬಿಳುಪು ಚಿತ್ರಗಳನ್ನು ಕೊರಿಯಾಗೆ ಕಳಿಸಿ, ಮೇಲೆ ಗೆರೆ ಎಳೆಸಿ, ಬಣ್ಣ ತುಂಬಿಸಿ ತರಿಸಿದರು. ಖರ್ಚು ಉಳಿಸಲು ನಡುವಿನ ಚಿತ್ರಗಳನ್ನು ಹಾರಿಸಿದರು. ಚಲನೆ ಕುಂಟುತ್ತದೆ, ಗೆರೆಯ ಜೀವ ಹೋಗಿದೆ. ಮೂಕಿ ಚಿತ್ರಗಳಲ್ಲಿ ಇನ್ನೊಂದು ಗಮನಿಸಿ: ಅವನ್ನು ನಿಧಾನದ ವೇಗಕ್ಕೆ ಮಾಡಿದ್ದರು. ಈಗಿನ ಕಾಪಿ ದಡಬಡ ಓಡುತ್ತಿದ್ದರೆ ಪ್ಲೇಯರ್‌ನಲ್ಲಿ ವೇಗ ಸ್ವಲ್ಪ ಇಳಿಸಿ ನೋಡಿ. ಫೆಲಿಕ್ಸ್ ಯೋಚಿಸುವುದು ಆಗಲೇ ಸರಿಯಾಗಿ ಕಾಣುವುದು.

ಈಗಲೂ ಯಾರಾದರೂ ಹೀಗೆ ಮಾಡ್ತಾರಾ?

2017ರಲ್ಲಿ ಬಂದ 'ಕಪ್‌ಹೆಡ್' ಎಂಬ ವಿಡಿಯೋ ಗೇಮ್ ನೋಡಿ. ಕೆನಡಾದ ಮೋಲ್ಡನ್‌ಹೌವರ್ ಅಣ್ಣತಮ್ಮಂದಿರು ಮಾಡಿದ್ದು. ಪಾತ್ರಗಳನ್ನು ಕಾಗದದ ಮೇಲೆ ಕೈಯಲ್ಲೇ ಬರೆದು, ಹಿನ್ನೆಲೆಗೆ ಜಲವರ್ಣ ಬಳಸಿದರು. ಫ್ಲೈಷರ್ ಗುಣ ಎದ್ದು ಕಾಣುತ್ತದೆ. ಆಟ ಮಾತ್ರ ಭಯಂಕರ ಕಷ್ಟ. ಆಡಲು ಆಗದಿದ್ದರೆ ಬೇರೆಯವರು ಆಡುವುದನ್ನು ನೋಡಿ, ಅದೂ ಚೆನ್ನಾಗಿರುತ್ತದೆ.

ಮಿಕ್ಕಿ ಈಗ ಎಲ್ಲರ ಸ್ವತ್ತಂತೆ. ನಾನೂ ಬಳಸಬಹುದಾ?

ಅಮೆರಿಕದಲ್ಲಿ ಆ ಕಾಲದ ಚಿತ್ರಗಳ ಹಕ್ಕು 95 ವರ್ಷ. 'ಸ್ಟೀಮ್‌ಬೋಟ್ ವಿಲ್ಲಿ' 2024ರ ಜನವರಿ 1ಕ್ಕೆ ಅಲ್ಲಿ ಬಿಡುಗಡೆಯಾಯಿತು. 1930ರ ಚಿತ್ರಗಳ ಸರದಿ 2026ರ ಜನವರಿ 1. ಭಾರತದ ಕಾಯ್ದೆಯಲ್ಲಿ ಸಿನಿಮಾಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ.

ಆದರೆ ಬಿಡುಗಡೆಯಾಗಿದ್ದು ಆ ಚಿತ್ರದ ಮಿಕ್ಕಿ ಮಾತ್ರ. ಆಮೇಲೆ ಬಂದ ರೂಪ, ಗುಣಗಳು ಆಯಾ ಚಿತ್ರದ ಅವಧಿ ಮುಗಿದ ಮೇಲೆಯೇ. ಟ್ರೇಡ್‌ಮಾರ್ಕ್ ಬೇರೆಯೇ ವಿಷಯ, ಅದಕ್ಕೆ ಹೀಗೆ ಅವಧಿ ಮುಗಿಯುವುದಿಲ್ಲ. ನಿಮ್ಮ ಸರಕಿನ ಮೇಲೆ ಮಿಕ್ಕಿ ಹಾಕಿ, ಡಿಸ್ನಿಯದೇ ಅಂತ ಜನ ಅಂದುಕೊಂಡರೆ ನೋಟಿಸ್ ಬರಬಹುದು. ದುಡ್ಡಿನ ವ್ಯವಹಾರ ಇದ್ದರೆ ಮೊದಲು ಒಬ್ಬ ವಕೀಲರನ್ನು ಕೇಳಿ.